ಗಿಡ್ಡಿಯನ್ನು ನನ್ನ ಹೆಸರಿಗೆ ಮಾಡಿಸಿದವರು

ನಮ್ಮ ಮಾವನವರ ಬಲಗೈಯಲ್ಲಿ ಮೂರು ಬೆರಳುಗಳ ಬೆನ್ನು ಜಡ್ಡುಗಟ್ಟಿತ್ತು. ಗುದ್ದಲಿ ಹಿಡಿದವರ ಅಂಗೈ ಜಡ್ಡುಗಟ್ಟುವುದನ್ನು ಕಂಡಿದ್ದೆ. ಬೆರಳ ಹಿಂಬದಿ ಜಡ್ಡುಗಟ್ಟಿದ್ದನ್ನು ಕಂಡದ್ದು ಇವರಲ್ಲೇ. ಮದುವೆಯಾಗಿ ಹಳೇಕೋಟೆಗೆ ಬಂದ ಹೊಸದರಲ್ಲಿ, ಊಟ ಬಡಿಸುವಾಗ ನೋಡಿ, ಯಾವುದೋ ಹಳೆಯ ಸುಟ್ಟ ಗಾಯವೆಂದುಕೊಂಡಿದ್ದೆ. ಅದು ಕೋವಿಯ ಲಿವರಿನಿಂದ ಆದದ್ದೆಂದು ಒಂದೆರಡು ಸಂಜೆಗಳಲ್ಲೇ ಗೊತ್ತಾಯಿತು.

ಅವರ ಬಳಿ ಮೂರು ಕೋವಿಗಳಿದ್ದವು. ಹಂದಿ ಓಡಿಸಲು ಒಂದು ಜೋಡುನಳಿಗೆ. ಉಳಿದೆರಡು ಬಹಳ ಹಳೆಯ ಕಾಲದ ಲಿವರ್ ರೈಫಲ್ಲುಗಳು. ಟ್ರಿಗರಿನ ಹಿಂದೆ ಕಬ್ಬಿಣದ ಬಳೆಯಂಥದ್ದೊಂದು ಇರುತ್ತದೆ. ಅದರೊಳಗೆ ಬೆರಳು ತೂರಿಸಿ, ಬೆರಳ ಬೆನ್ನಿನಿಂದ ಕೆಳಗೆ ತಳ್ಳಿ ಮೇಲಕ್ಕೆಳೆದರೆ ಖಾಲಿ ತೋಟಾ ಹೊರಗೆ, ಹೊಸದು ಒಳಗೆ. ಎರಡರಲ್ಲಿ ಚಿಕ್ಕದರ ನಳಿಗೆ ಒಂದು ಮೊಳವೂ ಇರಲಿಲ್ಲ. ಸಕಲೇಶಪುರದ ಕಡೆಯ ಕಾಫಿ ಎಸ್ಟೇಟಿನವರೊಬ್ಬರು ಮಾರುವಾಗ ಕಾಗದಪತ್ರವೆಲ್ಲ ಸರಿಮಾಡಿಸಿ ತಂದದ್ದು. ಮಾವ ಅದನ್ನು ಗಿಡ್ಡಿ ಎನ್ನುತ್ತಿದ್ದರು. ನೋಡಿದವರೆಲ್ಲ ನಳಿಗೆ ಕುಯ್ಸಿದ್ದೀರಾ ಎಂದು ಕೇಳುವರು, ಮಾವನಿಗೆ ಎಲ್ಲಿಲ್ಲದ ಸಿಟ್ಟು ಬರುವುದು.

“ಉಟ್ಟಿದ್ದೇ ಇಂಗೆ ಕಣ್ರೀ! ಕಾರ್ಖಾನೇಲೇ ಗಿಡ್ಡ ಮಾಡವ್ರೆ. ತುದೀಲಿ ಗುರಿ ನೋಡೋ ಮಣಿ ಐತಲ್ಲ, ಕುಯ್ದಿದ್ರೆ ಅದಿರ್ತಿತ್ತಾ?”

ಗಿಡ್ಡಿಗೆ ಹೊಂದುವ ತೋಟಾ ಸಿಗುವುದೇ ಅಪರೂಪ. ಹಾಗಾಗಿ ಅದರಲ್ಲಿ ಗುಂಡು ಹಾರಿಸುತ್ತಿದ್ದುದು ಎಂದೋ ಒಮ್ಮೆ, ಶೂಟಿಂಗ್ ರೇಂಜಿಗೆ ಹೋದಾಗ ಮಾತ್ರ. ಮಿಕ್ಕ ದಿನಗಳಲ್ಲಿ ಸಂಜೆ ಜಗಲಿಯ ಮೇಲೆ ಕೂತು ಖಾಲಿ ಕೋವಿಯ ಲಿವರ್ ಆಡಿಸುವುದು, ಹೆಗಲಿಗಿಡುವುದು, ಇಳಿಸುವುದು. ಅರಕಲಗೂಡಿನ ಬ್ಯಾಂಕಿನಿಂದ ಮನೆಗೆ ಬಂದ ನನ್ನ ಗಂಡ ಆ ಸದ್ದು ಕೇಳಿದ್ದೇ ಟಿ.ವಿ. ಜೋರು ಮಾಡುವರು. ಅವರಿಗೆ ದೀಪಾವಳಿಯ ಪಟಾಕಿಯೂ ಆಗದು.

ಚುನಾವಣೆ ಬಂತೆಂದರೆ ಪರವಾನಗಿ ಕೋವಿಗಳೆಲ್ಲ ಪೊಲೀಸ್ ಠಾಣೆಗೆ ಹೋಗಿ ಕೂರಬೇಕು. ಒಂದು ವರ್ಷ ನವರಾತ್ರಿಯ ಹೊತ್ತಿಗೇ ಚುನಾವಣೆ ಬಿತ್ತು. ಠಾಣೆಯವರು ಪಾಪ, ಭಕ್ತಿಯಿಂದ ತಮ್ಮ ಬಂದೂಕುಗಳ ಜೊತೆಗೆ ಊರವರ ಕೋವಿಗಳಿಗೂ ಆಯುಧಪೂಜೆ ಮಾಡಿಬಿಟ್ಟರು. ನಮ್ಮ ಮನೆಯ ಪೂಜೆಯಲ್ಲಿ ಮಾವ ಮರದ ಹಿಡಿಗೆ ಮಾತ್ರ ಕುಂಕುಮ ಇಡಲು ಬಿಡುತ್ತಿದ್ದರು. ಅಲ್ಲಿ ಲಿವರಿಗೆ, ತೋಟಾ ತುಂಬುವ ಕಿಂಡಿಗೆ, ಕೈಗೆ ಸಿಕ್ಕಲ್ಲೆಲ್ಲ ಗಂಧ ಕುಂಕುಮ ಮೆತ್ತಿ, ಮೇಲೆ ಹೋಳು ಮಾಡಿದ ನಿಂಬೆಹಣ್ಣು ಇಟ್ಟಿದ್ದರು. ಚುನಾವಣೆ ಮುಗಿದು ಗಿಡ್ಡಿ ಮನೆಗೆ ಬಂದಾಗ ಲಿವರ್ ಅಲ್ಲಾಡಲಿಲ್ಲ.

“ಬಯ್ಯಾನಾ ಅಂದ್ರೆ ದೇವ್ರ ಎಸ್ರಲ್ಲಿ ಮಾಡವ್ರೆ,” ಎಂದು ಮಾವ ತಲೆಯ ಮೇಲೆ ಕೈಹೊತ್ತು ಕೂತರು. ಆ ವೇಳೆಗೆ ಅವರ ಕಣ್ಣು ಮಂಜಾಗಿತ್ತು, ಸಣ್ಣ ಸ್ಕ್ರೂಗಳು ಕಾಣುತ್ತಿರಲಿಲ್ಲ. ನಾನು ಹೊಳೆನರಸೀಪುರದ ಶಾಲೆಯೊಂದರಲ್ಲಿ ಗಣಿತದ ಟೀಚರು. ಶಾಲೆಯಿಂದ ಬಂದವಳು ಬ್ಯಾಗಿಟ್ಟು ಎದುರಿಗೆ ಕೂತೆ. ಅವರು ಹೇಳಿಕೊಟ್ಟಂತೆ ಒಂದೊಂದೇ ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಹಳೆಯ ಪಂಚೆಯ ಮೇಲೆ ಜೋಡಿಸಿದೆ. ಬಿದಿರ ಕಡ್ಡಿಗೆ ಬಟ್ಟೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ, ಒಣಗಿದ ಕುಂಕುಮ ಬಿಡಿಸಿದೆ.

“ಕಬ್ಬಿಣದ ಕಡ್ಡಿ ಮುಟ್ಬ್ಯಾಡ ಕಣವ್ವ, ಗೀರು ಬೀಳ್ತದೆ. ಆತ್ರ ಪಡ್ಬ್ಯಾಡ. ಅದು ಎಲ್ಲಿಗೂ ಓಡೋಗಕಿಲ್ಲ.”

ಕೆಲವು ಸಂಜೆಗಳೇ ಹಿಡಿದವು. ಕೊನೆಗೆ ಲಿವರ್ ಕಟಕ್ ಎಂದು ಕೂತಾಗ ಇಬ್ಬರೂ ಮಕ್ಕಳ ಹಾಗೆ ನಕ್ಕೆವು. ಅಂದಿನಿಂದ ಎಣ್ಣೆ ಹಾಕುವ ಕೆಲಸ ನನ್ನದಾಯಿತು. ರೇಂಜಿಗೂ ಕರೆದೊಯ್ದು ಪಕ್ಕದಲ್ಲಿ ನಿಂತು ಹಾರಿಸಲು ಕಲಿಸಿದರು. ನನ್ನ ಮೊದಲ ಗುಂಡು ಗುರಿ ಇರಲಿ, ಹಲಗೆಗೂ ತಾಗಲಿಲ್ಲ. “ಮಣ್ಣಿಗಾದ್ರೂ ಬಿತ್ತಲ್ಲ ಬಿಡು ಮಗ,” ಎಂದರು.

ಆಮೇಲೆ, ಒಬ್ಬರ ಹೆಸರಿನಲ್ಲಿ ಎರಡೇ ಕೋವಿ ಇರಬೇಕೆಂಬ ಕಾನೂನು ಬಂತು. ಮೂರನೆಯದನ್ನು ಒಪ್ಪಿಸಬೇಕು, ಇಲ್ಲವೇ ಮನೆಯ ಇನ್ನೊಬ್ಬರು ಪರವಾನಗಿ ಮಾಡಿಸಿ ತಮ್ಮ ಹೆಸರಿಗೆ ಬರೆಸಿಕೊಳ್ಳಬೇಕು. ಜೋಡುನಳಿಗೆ ಇಲ್ಲದೆ ಬೆಳೆ ಉಳಿಯದು. ಇನ್ನೊಂದು ಮಾವನ ಅಪ್ಪನ ಕಾಲದ್ದು. ಬಿಡಬೇಕಾದದ್ದು ಗಿಡ್ಡಿಯನ್ನೇ. ಮಾವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಸುದ್ದಿ ತಿಳಿದು ಬಾಗೂರಿನಿಂದ ನನ್ನ ನಾದಿನಿ ಮತ್ತು ಅವಳ ಗಂಡ ಬಂದರು. ಕೂತ ತಕ್ಷಣ ಅವಳ ಗಂಡ ಶುರುಮಾಡಿದರು: “ನಂಗೇ ಬರ್ಕೊಟ್ಬುಡಿ ಮಾವ. ಆಲ್‌ನಾಗೆ ಗಾಜಿನ್ ಪೆಟ್ಗೆ ಮಾಡ್ಸಿ ಮಡಗ್ತೀನಿ. ಬಂದೋರೆಲ್ಲ ನೋಡ್ಬೇಕು.”

“ನೋಡೋಕೆ ಮಡಗೋದಲ್ಲ ಅದು,” ಎಂದ ಮಾವ, ಕಾಫಿ ತಂದ ನನ್ನ ಕಡೆ ಕೈ ತೋರಿಸಿದರು. “ನಮ್ ಉಡ್ಗಿ ಎಸ್ರಿಗೆ ಮಾಡಿಸ್ತೀನಿ.”

“ಮನೆ ಕೋವೀನ ಸೊಸೆಗಾ ಅಪ್ಪಾಜಿ?” ಎಂದಳು ನಾದಿನಿ.

“ರಕ್ತ ನೋಡ್ಕಂಡು ಕೊಟ್ರೆ ತುಕ್ಕು ಇಡೀತದೆ ಕಣವ್ವ. ಎಣ್ಣೆ ಆಕೋರ್ಗೆ ಕೊಡ್ತೀನಿ.”

ತರಬೇತಿ, ಪೊಲೀಸ್ ವಿಚಾರಣೆ, ಹಾಸನದ ಕಚೇರಿ ಎಂದು ಬಹಳ ಅಲೆದಾಟವಾಯಿತು. ಮಂಡಿ ನೋವಿದ್ದರೂ ಮಾವ ಪ್ರತಿ ಸಲವೂ ಬಸ್ಸಿನಲ್ಲಿ ಜೊತೆಗೆ ಬಂದರು. “ನಿಮಗ್ಯಾಕಮ್ಮ ಕೋವಿ?” ಎಂದು ಅಧಿಕಾರಿ ಕೇಳಿದಾಗ ನಾನು ಮಾವನ ಮುಖ ನೋಡಿದೆ. ಅವರು ಬೇಕೆಂದೇ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತರು. “ಅದನ್ನ ಪೂರ್ತಿ ಬಿಚ್ಚಿ ಜೋಡಿಸೋಕೆ ಬರುತ್ತೆ ಸಾರ್. ಜೋಪಾನ ಮಾಡ್ತೀನಿ,” ಎಂದೆ. ಕೆಲವು ತಿಂಗಳಾದ ಮೇಲೆ ಪರವಾನಗಿ ಬಂತು.

ಹೋದ ವರ್ಷ ಮಾವ ತೀರಿಕೊಂಡರು. ಅವರ ಹೆಸರಿನ ಎರಡು ಕೋವಿಗಳನ್ನು ನಿಯಮದಂತೆ ಠಾಣೆಗೆ ಒಪ್ಪಿಸಿ ಬಂದೆವು. ತಿಥಿಯ ಊಟ ಮುಗಿಯುವಾಗ ನಾದಿನಿಯ ಗಂಡ, ನೆಂಟರೆಲ್ಲ ಕೇಳುವಂತೆ ಹೇಳಿದರು: “ಮಾವನ್ ಆಸೆ ನಡೀತಲ್ಲಮ್ಮ, ಇನ್ನಾದ್ರೂ ಆ ಗಿಡ್ಡಿ ನನ್ನ ಎಸ್ರಿಗೆ ಮಾಡ್ಬುಡು. ಎಂಗಸ್ರಿಗ್ಯಾಕೆ ಅದೆಲ್ಲ?”

ನನ್ನ ಗಂಡ ಎಲೆ ನೋಡುತ್ತ ಕೂತಿದ್ದರು. ಆ ಮನೆಯಲ್ಲಿ ಹಿರಿಯರಿಗೆ ನಾನು ಎದುರು ಮಾತಾಡಿದವಳಲ್ಲ. ಏನೇ ಬೇಕಿದ್ದರೂ ಮಾವನ ಮೂಲಕವೇ ಹೇಳಿಸುತ್ತಿದ್ದೆ.

“ಕೊಡಲ್ಲ ಅಣ್ಣ,” ಎಂದೆ. “ಅದು ನಂದು.”

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಆ ಮನೆಯೊಳಗೆ ಒಂದು ವಸ್ತುವನ್ನು ನನ್ನದೆಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹಾಗೆ ಹೇಳುವಂತೆ ಮಾಡಿದವರು ಅದನ್ನು ಕೇಳಲು ಇಲ್ಲವಲ್ಲ ಎಂದು, ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.