ಒಂದೂವರೆ ಎಚ್‌ಪಿ ಓದುಗ

"ಮೋಟರ್ ಒಂದು ಎಚ್‌ಪಿ ಅಲ್ಲ. ಒಂದೂವರೆ ಎಚ್‌ಪಿ. ತಿದ್ದಿಕೊಳ್ಳಿ."

ಹೋದ ವಾರವಲ್ಲ, ಅದರ ಹಿಂದಿನ ಸೋಮವಾರ ಬೆಳಿಗ್ಗೆ ನನ್ನ ಬ್ಲಾಗಿನ ಕೆಳಗೆ ಈ ಕಮೆಂಟು ಬಂದು ಕೂತಿತ್ತು. ಓದಿದವನೇ ಕಾಫಿ ಲೋಟ ಕೆಳಗಿಟ್ಟೆ. ಮೆಟ್ಟಿಲಿಳಿದು ಹೋಗಿ, ಗೇಟಿನ ಪಕ್ಕ ಸಂಪಿನ ಹತ್ತಿರ ಇರುವ ಮೋಟರಿನ ಧೂಳು ಒರೆಸಿ, ಬಗ್ಗಿ ನೋಡಿದೆ. ತಗಡಿನ ಮೇಲೆ ಅಚ್ಚಾಗಿತ್ತು. ಒಂದೂವರೆ ಎಚ್‌ಪಿ.

ಎದೆ ಧಸಕ್ಕೆಂದಿತು. ಯಾಕೆ ಅಂತೀರಾ? ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ವಾರಕ್ಕೊಮ್ಮೆ ಈ ಅಂಕಣ ಬರೆಯುವುದು ನಿಮಗೆ ಗೊತ್ತೇ ಇದೆ. (ಗೊತ್ತಿಲ್ಲದಿದ್ದರೆ ಈಗ ಏನು ಓದುತ್ತಿದ್ದೀರಿ ಸ್ವಾಮಿ?) ಇದು ಸಾಲದೆಂದು ಒಂದು ಬ್ಲಾಗನ್ನೂ ತೆರೆದೆ. ಅತ್ತಿಗುಪ್ಪೆಯಲ್ಲಿ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೇವೆ, ಆದ್ದರಿಂದ ಅದಕ್ಕೆ 'ಮಹಡಿ ಮಾತು' ಎಂದು ಹೆಸರಿಟ್ಟೆ. ಪತ್ರಿಕೆಯಲ್ಲಾದರೆ ಸಂಪಾದಕರು ಕತ್ತರಿ ಹಿಡಿದು ಕೂತಿರುತ್ತಾರೆ. ಬ್ಲಾಗಿನಲ್ಲಿ ನಾನೇ ರಾಜ. ರಾಜನೇನೋ ಆದೆ, ಪ್ರಜೆಗಳೇ ಇರಲಿಲ್ಲ.

ಪ್ರಜೆಗಳು ಇಲ್ಲವೇ ಇಲ್ಲ ಎಂದರೆ ತಪ್ಪಾದೀತು. ನಮ್ಮ ಫ್ಯಾಮಿಲಿ ಗ್ರೂಪಿದೆಯಲ್ಲ! ಲಿಂಕು ಹಾಕಿದ ಎಂಟನೇ ಸೆಕೆಂಡಿಗೆ ಭಾವನ ಹೆಬ್ಬೆರಳು ಬರುತ್ತಿತ್ತು. ಅಷ್ಟುದ್ದದ ಬರಹವನ್ನು ಎಂಟು ಸೆಕೆಂಡಿನಲ್ಲಿ ಓದಿ ಮುಗಿಸುವ ಪ್ರತಿಭೆ ನಮ್ಮ ಬಳಗದಲ್ಲಿತ್ತೆಂದು ನನಗೆ ತಿಳಿದೇ ಇರಲಿಲ್ಲ. ಒಮ್ಮೆ ಕೈತಪ್ಪಿ, ಲಿಂಕಿನ ಬದಲು ಕರೆಂಟ್ ಬಿಲ್ಲಿನ ಫೋಟೊ ಹೋಯಿತು. ಅದಕ್ಕೂ ಚಿಕ್ಕಮ್ಮ "ಸೂಪರ್, ಮನ ಮುಟ್ಟಿತು" ಎಂದು ಬರೆದು, ಕೈ ಮುಗಿಯುವ ಚಿತ್ರ ಮೂರು ಹಾಕಿದರು. ಬಿಲ್ಲು ನನ್ನ ಮನಸ್ಸನ್ನೂ ಮುಟ್ಟಿತ್ತು, ಅದು ಬೇರೆ ಮಾತು.

ಹೆಂಡತಿ ಸುಮಾ ನೇರ ಮಾತಿನವಳು.

"ನಾನು ಓದಲ್ಲ ರೀ. ದಿನಾ ಬಾಯಲ್ಲಿ ಹೇಳೋದನ್ನ ಕೇಳಿ ಕೇಳಿನೇ ಸಾಕಾಗಿದೆ. ಬರ್ದಿದ್ದು ಬೇರೆ ಓದ್ಬೇಕಾ?"

ಹೀಗಿರುವಾಗ ವಿಜಯನಗರದಲ್ಲಿ 'ನಿಮ್ಮ ಬ್ಲಾಗಿಗೆ ನಿಷ್ಠಾವಂತ ಓದುಗರನ್ನು ಗಳಿಸುವುದು ಹೇಗೆ?' ಎಂಬ ಕಾರ್ಯಾಗಾರವಿದೆ ಎಂದು ತಿಳಿಯಿತು. ಹೋದೆ. ಒಂದು ದರ್ಶಿನಿ ಹೋಟೆಲಿನ ಮೇಲಿನ ಹಾಲ್. ಕೆಳಗಿನಿಂದ ಒಗ್ಗರಣೆ ಘಾಟು ಬರುತ್ತಿತ್ತು, ಮೇಲೆ ಜ್ಞಾನ. ಹೇಳಿಕೊಡಲು ಬಂದವನು ಬಿಳಿ ಶೂ ಹಾಕಿದ್ದ ಹುಡುಗ. ತನ್ನನ್ನು 'ಕಂಟೆಂಟ್ ಕೋಚ್' ಎಂದು ಕರೆದುಕೊಂಡ.

"ಬರೆಯೋದು ಈಸಿ ಸಾರ್. ರೀಡರ್‌ನ ಹಿಡಿಯೋದೇ ಕಷ್ಟ," ಎಂದು ಶುರು ಮಾಡಿದ. ವಾರದಲ್ಲಿ ಒಂದೇ ದಿನ, ಒಂದೇ ಹೊತ್ತಿಗೆ ಬರೆಯಬೇಕಂತೆ. ಓದುಗರು ಕಾದು ಕೂರುವಂಥ ಒಂದು ಪಾತ್ರ ಇರಬೇಕಂತೆ. ಫೋನಿನಲ್ಲಿರುವ ಅಷ್ಟೂ ಜನಕ್ಕೆ ಬ್ರಾಡ್‌ಕಾಸ್ಟ್ ಮಾಡಿ ಲಿಂಕು ಕಳಿಸಬೇಕಂತೆ. ಪ್ರತಿ ಬರಹವನ್ನೂ ಪ್ರಶ್ನೆಯಿಂದಲೇ ಮುಗಿಸಬೇಕಂತೆ. ಕೊನೆಗೆ ಎದೆಯ ಮೇಲೆ ಕೈಯಿಟ್ಟು, "ಓದಿದ ತಕ್ಷಣ ರೀಡರ್‌ಗೆ 'ಅಯ್ಯೋ, ಇದು ನಂದೇ ಕಥೆ' ಅನ್ನಿಸ್ಬೇಕು ಸಾರ್. ಅಲ್ಲಿಗೆ ಅವ್ನು ಲೈಫ್‌ಲಾಂಗ್ ನಿಮ್ಮೋನು," ಎಂದ.

"ನಿಮ್ಮ ಬ್ಲಾಗಿಗೆ ಓದುಗರು ಎಷ್ಟಪ್ಪಾ?" ಎಂದು ಕೇಳಿದೆ.

"ಬರೆಯೋದು ಬಿಟ್ಬಿಟ್ಟೆ ಸಾರ್. ಈಗ ಫುಲ್‌ಟೈಮ್ ಕೋಚಿಂಗು."

ಆಗಲೇ ಎದ್ದು ಬರಬೇಕಿತ್ತು. ಬರಲಿಲ್ಲ. ಎಲ್ಲವನ್ನೂ ನೋಟ್ಸ್ ಮಾಡಿಕೊಂಡೆ. ಕೆಮಿಸ್ಟ್ರಿ ಮೇಷ್ಟ್ರಲ್ಲವೇ, ಯಾರು ಏನು ಹೇಳಿದರೂ ಬರೆದುಕೊಳ್ಳುವ ಚಟ.

ಇನ್ನು ಪಾತ್ರ ಬೇಕು. ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ, ಕೆಳಗೇ ಇತ್ತು. ನಮ್ಮ ಓನರ್ ಹನುಮಂತರಾಯಪ್ಪನವರು. ಅತ್ತಿಗುಪ್ಪೆ ಹಳ್ಳಿಯಾಗಿದ್ದಾಗಿನಿಂದ ಇರುವ ಮನೆತನ. ಈಗ ನಾವಿರುವ ಜಾಗದಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದರಂತೆ. ಇವರು ಬಾಡಿಗೆದಾರರನ್ನು ಬೆಳೆಯುತ್ತಾರೆ. ನೀರಿನ ಮೋಟರಿನ ಸ್ವಿಚ್ಚು ಅವರ ಮನೆಯೊಳಗೆ. ಕಿವಿ ಮಾತ್ರ ನಮ್ಮ ಮನೆಯೊಳಗೆ. ಮೇಲೆ ನಲ್ಲಿ ಎರಡು ನಿಮಿಷ ಹೆಚ್ಚು ಸುರಿದರೆ ಸಾಕು, ಕೆಳಗಿನಿಂದ "ಸಾ...ರ್, ನಲ್ಲಿ!" ಎಂಬ ಕೂಗು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ನಮ್ಮ ಕ್ಯಾಲೆಂಡರು ಮೂರು ವರ್ಷದಿಂದ ಫ್ರಿಜ್ಜಿನ ಮೇಲೆ ಮಲಗಿದೆ.

ಇವರಿಗೆ 'ಮೋಟರ್ ಮಾಮ' ಎಂದು ನಾಮಕರಣ ಮಾಡಿದೆ. ಊರು ಬದಲಿಸಲಿಲ್ಲ, ಮನೆ ಬದಲಿಸಲಿಲ್ಲ, ಹೆಸರೊಂದೇ ಬದಲಿಸಿದೆ. ಪ್ರತಿ ಸೋಮವಾರ ಮಾಮನ ಒಂದೊಂದು ಲೀಲೆ, ಜೊತೆಗೆ ಫೋನಿನಲ್ಲಿದ್ದವರಿಗೆಲ್ಲ ಲಿಂಕಿನ ಬ್ರಾಡ್‌ಕಾಸ್ಟ್. ನಲ್ಲಿ ಪುರಾಣ, ಮೊಳೆ ಪುರಾಣ. ಎಲ್ಲಕ್ಕಿಂತ ನಾನು ಹೆಮ್ಮೆಪಟ್ಟಿದ್ದು ಚಪ್ಪಲಿ ಪುರಾಣಕ್ಕೆ. ನಮ್ಮ ಮನೆಗೆ ನೆಂಟರು ಬಂದರೆ ಹನುಮಂತರಾಯಪ್ಪನವರು ಮೆಟ್ಟಿಲ ಬುಡದಲ್ಲಿ ನಿಂತು, ಬೆರಳು ಮಡಚಿ, ಚಪ್ಪಲಿ ಜೊತೆಗಳನ್ನು ಎಣಿಸುತ್ತಾರೆ. ನಾನೇ ಬಾಲ್ಕನಿಯಿಂದ ನೋಡಿದ್ದೇನೆ. 'ಜನಗಣತಿಗೂ ಮೊದಲು ಚಪ್ಪಲಿಗಣತಿ' ಎಂದು ಬರೆದು, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕೋಚ್ ಹೇಳಿದಂತೆ ಕೊನೆಯಲ್ಲಿ ಪ್ರಶ್ನೆ: 'ನಿಮ್ಮ ಓನರ್ ಎಂಥವರು? ಕಮೆಂಟಿನಲ್ಲಿ ತಿಳಿಸಿ.'

ಒಂದೇ ಒಂದು ಉತ್ತರ ಬಂತು. ಹೆಸರಿನ ಜಾಗದಲ್ಲಿ 'ಅನಾಮಧೇಯ' ಎಂದಿತ್ತು. "ನಮಗೆ ಓನರ್ ಇಲ್ಲ. ಸ್ವಂತ ಮನೆ. ಬರಹ ಚೆನ್ನಾಗಿದೆ. ಮುಂದೇನಾಯಿತು?"

ಮುಂದೇನಾಯಿತು! ಬರೆಯುವವನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇದೆಯೇ? ಅಂದಿನಿಂದ ಪ್ರತಿ ಸೋಮವಾರ, ಬರಹ ಹಾಕಿದ ಗಂಟೆಯೊಳಗೆ ಅನಾಮಧೇಯರು ಹಾಜರು. "ಮೊಳೆ ವಿಚಾರ ಓದಿ ನಗು ಬಂತು." "ಈ ಸಲ ಸ್ವಲ್ಪ ಉದ್ದವಾಯಿತು." "ಮಾಮನ ಹೆಂಡತಿಗೂ ಎರಡು ಮಾತು ಕೊಡಿ." ಯಾರೋ ರಸಿಕರು, ಬಸವೇಶ್ವರನಗರದ ಕಡೆಯ ರಿಟೈರ್ಡ್ ಕನ್ನಡ ಮೇಷ್ಟ್ರಿರಬೇಕು ಎಂದು ಊಹಿಸಿಕೊಂಡು ಮೀಸೆಯಡಿ ನಗುತ್ತಿದ್ದೆ. ಸುಮಾಗೂ ತೋರಿಸಿದೆ, ನೋಡು, ನನಗೂ ಒಬ್ಬರು ಅಭಿಮಾನಿ ಇದ್ದಾರೆ ಅಂತ.

ಈಗ ನನ್ನ ಎದೆ ಯಾಕೆ ಧಸಕ್ಕೆಂದಿತು ಅಂತ ಗೊತ್ತಾಯಿತಲ್ಲ? ನಾನು ಅಂದಾಜಿಗೆ ಒಂದು ಎಚ್‌ಪಿ ಎಂದು ಗೀಚಿದ್ದನ್ನು ಒಂದೂವರೆ ಎಂದು ತಿದ್ದಬೇಕಾದರೆ, ಆ ಮೋಟರನ್ನು ಕೊಂಡವರೇ ಆಗಿರಬೇಕು.

ಆದರೆ ಅವರಿಗೆ ಲಿಂಕು ಕೊಟ್ಟವರು ಯಾರು? ಹತ್ತನೇ ಕ್ಲಾಸಿನ ಮಗಳು ಫೋನು ಇಸಿದುಕೊಂಡು ನೋಡಿ, ಪಾಪ ಅನ್ನುವ ಮುಖ ಮಾಡಿದಳು.

"ಅಪ್ಪಾ, ಬ್ರಾಡ್‌ಕಾಸ್ಟ್ ಎಲ್ಲಾರ್ಗೂ ಹೋಗಲ್ಲ. ನಿನ್ನ ನಂಬರ್ ಸೇವ್ ಮಾಡ್ಕೊಂಡಿರೋರಿಗೆ ಮಾತ್ರ ಹೋಗತ್ತೆ."

ಅಂದರೆ ಇಷ್ಟು ದಿನ ಕಳಿಸಿದ್ದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ತಲುಪಿಲ್ಲ. ಜೊತೆಗೆ ಓದಿದವರಿಗೆ ತಲುಪಿಲ್ಲ. ಕವಿಗೋಷ್ಠಿಗಳಲ್ಲಿ ಕೈಕುಲುಕಿ 'ನಂಬರ್ ಸೇವ್ ಮಾಡ್ಕೊಂಡೆ ಸಾರ್' ಎಂದವರಿಗೂ ತಲುಪಿಲ್ಲ. ಮನೆಯವರನ್ನು ಬಿಟ್ಟರೆ ಈ ನಗರದಲ್ಲಿ ನನ್ನ ನಂಬರು ಜೋಪಾನವಾಗಿ ಇಟ್ಟುಕೊಂಡಿರುವವರು ಮೂವರು. ಸಿಲಿಂಡರ್ ತರುವವನು, ನೀರಿನ ಕ್ಯಾನಿನವನು, ಮತ್ತು ಓನರ್. ನಾನೇ, ನನ್ನ ಕೈಯಾರೆ, ವಾರ ತಪ್ಪದೆ ಹನುಮಂತರಾಯಪ್ಪನವರಿಗೆ ಅವರ ಮೇಲಿನ ಗೇಲಿಯನ್ನು ಕಳಿಸಿಕೊಟ್ಟಿದ್ದೆ. ಕೊನೆಯಲ್ಲಿ 'ದಯವಿಟ್ಟು ಶೇರ್ ಮಾಡಿ' ಎಂಬ ವಿನಂತಿ ಬೇರೆ.

ಬೆಂಗಳೂರಿನಲ್ಲಿ ಬಾಡಿಗೆದಾರನ ಆಯುಷ್ಯ ಹನ್ನೊಂದು ತಿಂಗಳು. ಅಗ್ರಿಮೆಂಟ್ ಮುಗಿಯುತ್ತದೆ, ಓನರ್ ಮನಸ್ಸು ಮಾಡಿದರೆ ಪುನರ್ಜನ್ಮ, ಇಲ್ಲದಿದ್ದರೆ ಪ್ಯಾಕರ್ಸ್ ಅಂಡ್ ಮೂವರ್ಸ್. ನಮ್ಮ ಹನ್ನೊಂದು ತಿಂಗಳು ಮುಗಿಯುವುದು ಈ ತಿಂಗಳ ಕೊನೆಗೇ. ಅವತ್ತು ಸುಮಾ ನನ್ನ ಬ್ಲಾಗನ್ನು ಮೊದಲಿನಿಂದ ಕೊನೆಯವರೆಗೆ ಕೂತು ಓದಿದಳು. ಅಂತೂ ಎರಡನೇ ಓದುಗರು ಸಿಕ್ಕಿದ್ದರು, ಆದರೆ ಸಂಭ್ರಮಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ಚಪ್ಪಲಿ ಎಣಿಸ್ತಾರೆ ಅಂತ ಬೇರೆ ಬರ್ದಿದೀರಲ್ರೀ! ಥೂ! ಮಗಳ ಸ್ಕೂಲು ನಡ್ಕೊಂಡು ಹೋಗೋ ದೂರ ಇದೆ. ಪರೀಕ್ಷೆ ವರ್ಷ ಎಲ್ಲಿಗೆ ಅಂತ ಹೋಗೋಣ? ಮೂಡಲಪಾಳ್ಯಕ್ಕಾ, ಕೆಂಗೇರಿಗಾ?"

"ಡಿಲೀಟ್ ಮಾಡ್ತೀನಿ ಕಣೇ."

"ಮಾಡಿ. ಓದಿರೋ ಮನುಷ್ಯನ್ನ ಹೆಂಗೆ ಡಿಲೀಟ್ ಮಾಡ್ತೀರ?"

ಚಪ್ಪಲಿ ಪುರಾಣವನ್ನು ಅಳಿಸಿದೆ. ಶನಿವಾರ ಫೋನು ಬಂತು. "ಸಾರ್, ನಾಳೆ ಹತ್ತು ಗಂಟೆಗೆ ಕೆಳಗೆ ಬನ್ನಿ. ಅಗ್ರಿಮೆಂಟ್ ವಿಷ್ಯ ಮಾತಾಡ್ಬೇಕು."

ಹೋದೆ. ಹನುಮಂತರಾಯಪ್ಪನವರು ಬನಿಯನ್, ಪಂಚೆಯಲ್ಲಿ ಕೂತಿದ್ದರು. ಅವರ ಹೆಂಡತಿ ಜಯಮ್ಮನವರು ಕಾಫಿ ತಂದಿಟ್ಟು, ನನ್ನ ಮುಖ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಅಳುವೋ ನಗುವೋ ತಿಳಿಯಲಿಲ್ಲ. ಟೀಪಾಯಿಯ ಮೇಲೆ ಸ್ಪೈರಲ್ ಬೈಂಡಿಂಗ್ ಮಾಡಿಸಿದ ಒಂದು ಪುಸ್ತಕವಿತ್ತು. ಅಗ್ರಿಮೆಂಟಿಗೆ ಇಷ್ಟೊಂದು ಪುಟವೇ ಎಂದುಕೊಂಡು ತೆರೆದೆ.

'ಮಹಡಿ ಮಾತು'. ನನ್ನ ಅಷ್ಟೂ ಬರಹಗಳು, ದೊಡ್ಡಕ್ಷರದಲ್ಲಿ. ಅಲ್ಲಲ್ಲಿ ನೀಲಿ ಪೆನ್ನಿನ ಗೆರೆ.

"ಫೋನಲ್ಲಿ ಅಕ್ಷರ ಕಾಣಲ್ಲ ಸಾರ್. ಜೆರಾಕ್ಸ್ ಅಂಗ್ಡೀಲಿ ಪ್ರಿಂಟ್ ತೆಗೆಸ್ದೆ. ಚಪ್ಲಿದು ನೀವು ಅಳಿಸಿಬಿಟ್ಟಿದೀರಿ. ಪರ್ವಾಗಿಲ್ಲ, ನನ್ನತ್ರ ಇದೆ."

ನಾನು ಬರೆಯಲು ಶುರು ಮಾಡಿ ಇಷ್ಟು ವರ್ಷವಾಯಿತು. ನನ್ನ ಬರಹವನ್ನು ಯಾರೂ ಹೀಗೆ ಪ್ರಿಂಟ್ ತೆಗೆಸಿ, ಬೈಂಡ್ ಮಾಡಿಸಿ ಇಟ್ಟುಕೊಂಡಿಲ್ಲ. ನಾನೂ ಇಟ್ಟುಕೊಂಡಿಲ್ಲ. ನಾಚಿಕೆಯಾಯಿತು.

"ನಿಮಗೆ... ಗೊತ್ತಾಗಿತ್ತಾ?"

"ಮೊದ್ಲೆರಡು ಬರಹ ಎದುರುಮನೆ ಗಂಗಣ್ಣನ ಮೇಲೆ ಅಂದ್ಕೊಂಡೆ. ಅವ್ನೂ ಓನರೇ, ಅವ್ನೂ ಜುಗ್ಗನೇ. ನಕ್ಕಿದ್ದೇ ನಕ್ಕಿದ್ದು. ತಡ್ಕೊಳಕ್ಕಾಗ್ದೆ ಅವ್ನಿಗೇ ಓದಿ ಹೇಳ್ದೆ. 'ಲೋ ಹನುಮ, ಇದು ನೀನೇ ಕಣೋ' ಅಂದ್ಬಿಟ್ಟ."

ಕುಂಬಳಕಾಯಿ ಕಳ್ಳ ಎಂದರೆ ಜನ ತಮ್ಮ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ಇವರು ಹೋಗಿ ಗಂಗಣ್ಣನ ಹೆಗಲು ಮುಟ್ಟಿ ಬಂದಿದ್ದರು.

"ಬೇಜಾರಾಗ್ಲಿಲ್ವಾ?"

"ಆಗ್ದೆ ಇರತ್ತಾ? ಎರಡು ದಿನ ನಿಮ್ಮ ಮೋಟರ್ ಹಾಕೋದೇ ಬೇಡ ಅಂದ್ಕೊಂಡೆ. ಅಷ್ಟ್ರಲ್ಲಿ ಸೋಮವಾರ ಬಂತು. ಈ ವಾರ ಏನು ಬರ್ದಿದಾರೋ ನೋಡೋಣ ಅನ್ನಿಸ್ತು." ಕಾಫಿ ಹೀರಿದರು. ಪುಟ ತಿರುಗಿಸಿ ಚಪ್ಪಲಿ ಪುರಾಣದ ಮೇಲೆ ಬೆರಳಿಟ್ಟರು. "ಇದೊಂದು ಮಾತ್ರ ತಪ್ಪು ಸಾರ್. ಎಣಿಸ್ತೀನಿ, ನಿಜ. ಯಾಕೆ ಎಣಿಸ್ತೀನಿ ಅಂತ ಕೇಳಿದ್ರಾ?"

ಕೇಳಿರಲಿಲ್ಲ.

"ಮೇಲಿನ ಟ್ಯಾಂಕು ಚಿಕ್ಕದು. ಜನ ಜಾಸ್ತಿ ಇದ್ರೆ ಮೋಟರ್ ಇನ್ನೊಂದ್ಸಲ ಹಾಕ್ಬೇಕು. ನೆಂಟ್ರ ಮುಂದೆ ನಿಮ್ಮನೇಲಿ ನೀರು ನಿಂತೋದ್ರೆ ಮರ್ಯಾದೆನಾ? ನಿಮ್ಮ ಮಗಳ ಬರ್ತ್‌ಡೇ ದಿನ ಇಪ್ಪತ್ತಾರು ಜೊತೆ ಇತ್ತು. ಅವತ್ತು ನೀರು ನಿಂತಿತ್ತಾ?"

ನಿಂತಿರಲಿಲ್ಲ. ಅವತ್ತೆಂದಲ್ಲ, ಯಾವತ್ತೂ ನಿಂತಿಲ್ಲ. ಬಾಲ್ಕನಿಯಿಂದ ಅವರ ಬೆರಳುಗಳನ್ನು ನೋಡಿದ ನಾನು, ಎಣಿಸಿ ಮುಗಿಸಿ ಅವರು ಒಳಗೆ ಹೋಗಿ ಏನು ಮಾಡುತ್ತಾರೆ ಎಂದು ನೋಡುವ ಗೋಜಿಗೇ ಹೋಗಿರಲಿಲ್ಲ. ಜೋಕಿಗೆ ಎಷ್ಟು ಬೇಕೋ ಅಷ್ಟು ಸಿಕ್ಕಿತ್ತಲ್ಲ, ಸಾಕಾಗಿತ್ತು. ನನ್ನ ಬರಹ ಓದದೆ ಹೆಬ್ಬೆರಳು ಒತ್ತುವ ಭಾವನಿಗೂ ನನಗೂ ಏನು ವ್ಯತ್ಯಾಸ? ನಾನೂ ಇವರನ್ನು ಎಂಟು ಸೆಕೆಂಡು ಓದಿದ್ದೆ, ಅಷ್ಟೆ.

"ತಪ್ಪಾಯ್ತು, ಕ್ಷಮಿಸಿ," ಎಂದೆ.

ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಪುಸ್ತಕದ ಕೊನೆಯ ಪುಟದಿಂದ ಅಗ್ರಿಮೆಂಟ್ ತೆಗೆದು ಮುಂದಿಟ್ಟರು. ತಮ್ಮ ಸಹಿ ಆಗಲೇ ಹಾಕಿದ್ದರು.

"ಸೈನ್ ಮಾಡಿ. ಕೆಂಗೇರಿ ಉಪನಗರದಲ್ಲಿ ನನ್ನ ತಂಗಿ ಇದಾಳೆ, ಅವ್ಳೂ ಓದ್ತಾಳೆ. ಬರೆಯೋದು ನಿಲ್ಲಿಸ್ಬೇಡಿ."

ಮೇಲೆ ಬಂದವನೇ ಪಶ್ಚಾತ್ತಾಪದಲ್ಲಿ ಕೂತು ಬರೆದೆ. ಮೋಟರ್ ಮಾಮ ಎಂಥ ವಿಶಾಲ ಹೃದಯಿ, ಎಂಥ ದೂರದೃಷ್ಟಿ, ಎಂಥ ಜಲದಾನಿ! ಬರೆಯುತ್ತಾ ನನಗೇ ಕಣ್ಣು ತುಂಬಿತು. ಸೋಮವಾರ ಬೆಳಿಗ್ಗೆ ಹಾಕಿದೆ. ಫ್ಯಾಮಿಲಿ ಗ್ರೂಪಿನಲ್ಲಿ ಎಂಟನೇ ಸೆಕೆಂಡಿಗೆ ಹೆಬ್ಬೆರಳು. "ಮನ ಮುಟ್ಟಿತು" ಎಂದರು ಚಿಕ್ಕಮ್ಮ.

ಗಂಟೆಯೊಳಗೆ ಅನಾಮಧೇಯರ ಕಮೆಂಟು ಬಂತು.

"ಈ ವಾರ ಸಪ್ಪೆ. ಉಪ್ಪಿಲ್ಲ, ಖಾರ ಇಲ್ಲ. ಮಾಮನನ್ನು ದೇವರು ಮಾಡಿ ಕೂರಿಸಿದ್ದೀರಿ. ಅಗ್ರಿಮೆಂಟ್ ಆಯಿತಲ್ಲ, ಇನ್ನು ಹೆದರದೆ ಬರೆಯಿರಿ."

ಕೋಚ್ ಮಹಾಶಯರೇ, ನೀವು ಹೇಳಿದ ಓದುಗರು ಸಿಕ್ಕಿದರು. ಅವರಿಗೆ ತಕ್ಕ ಬರಹಗಾರನನ್ನು ಎಲ್ಲಿ ಹುಡುಕಲಿ?