ಫ್ರಾನ್ಸ್ ಸಿನಿಮಾಕ್ಕೆ ಕನ್ನಡ ಹೇಳಿದ ಮೌಲಾಹುಸೇನ

ರಾಯಚೂರಿನ ಮೌಲಾಹುಸೇನನನ್ನು ಸುಳ್ಳುಗಾರ ಎಂದರೆ ಅವನೇನೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. "ಸುಳ್ಳು ಹೇಳೋದ ನನ್ನ ಕಸಬು ರೀ, ಸುಮ್ನ ಹೇಳಾಂಗಿಲ್ಲ, ಜೀವ ಇಟ್ಟು ಹೇಳ್ತೀನಿ" ಎಂದು ಮೀಸೆಯೊಳಗೇ ನಗುತ್ತಿದ್ದ. ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕ ಬೆತ್ತ ಹಿಡಿದು ನಿಂತು ಜನರಿಗೆ ಕಥೆ ಹೇಳುತ್ತಿದ್ದವನು ಅವನು. ರಾಜ ಬಂದರೆ ರಾಜನ ದನಿ, ರಾಣಿ ಅತ್ತರೆ ರಾಣಿಯ ದನಿ, ಕುದುರೆ ಓಡಿದರೆ ನಾಲಿಗೆಯಲ್ಲೇ ಗೊರಸಿನ ಸಪ್ಪಳ. ಆದರೆ ಪರದೆಯ ಕಡೆ ತಿರುಗಿ ನೋಡುವುದೆಂದರೆ ಅವನಿಗೆ ಅವಮಾನ. "ಚಿತ್ರ ಮಂದಿ ಮಾರಿ ಮ್ಯಾಲ ಕಾಣ್ತದ, ನಾ ಯಾಕ ಹಿಂದ ತಿರುಗ್ಲಿ?" ಎನ್ನುತ್ತಿದ್ದ. ಏನು ಸೊಕ್ಕು ನೋಡಿ!

ಆ ಸೊಕ್ಕನ್ನು ಇಳಿಸಲು ಟಾಕಿ ಬಂತು. ಪರದೆಯೇ ಮಾತಾಡತೊಡಗಿದ ಮೇಲೆ ಇವನ ಬಾಯಿ ಯಾರಿಗೆ ಬೇಕು? ಟೆಂಟ್ ಸಿನಿಮಾದ ಮಾಲೀಕ ಶಂಶುದ್ದೀನ್ ಹಳೆಯ ಗೆಳೆಯ, ಕೈಬಿಡಲಿಲ್ಲ. ತಗಡಿನ ತುತ್ತೂರಿ ಕೊಟ್ಟು ಬಂಡಿಯ ಮೇಲೆ ಕೂರಿಸಿ ಪ್ರಚಾರಕ್ಕೆ ಹಚ್ಚಿದ. ಹತ್ತು ವರ್ಷ ಮೌಲಾಹುಸೇನ "ಬರ್ರಿ, ನೋಡ್ರಿ" ಎಂಬ ಎರಡೇ ಮಾತನ್ನು ಓಣಿ ಓಣಿಯಲ್ಲಿ ಕೂಗಿದ. ಅಷ್ಟು ಕಥೆ ಹೇಳಿದ ಬಾಯಿಗೆ ಅದು ಶಿಕ್ಷೆಯೇ ಆಗಿತ್ತು.

ಸಾವಿರದ ಒಂಬೈನೂರ ನಲವತ್ಮೂರರಲ್ಲಿ, ಎರಡನೆಯ ಮಹಾಯುದ್ಧ ನಡೆದಿದ್ದಾಗ, ರೈಲಿನಲ್ಲಿ ಬರಬೇಕಿದ್ದ ಪೌರಾಣಿಕ ಚಿತ್ರದ ಡಬ್ಬಿಗಳು ದಾರಿಯಲ್ಲೆಲ್ಲೋ ಅದಲುಬದಲಾದವು. ಬಿಚ್ಚಿ ನೋಡಿದರೆ ಪಾಂಡಿಚೇರಿಗೆ ಹೋಗಬೇಕಾಗಿದ್ದ ಫ್ರೆಂಚ್ ಚಿತ್ರ! ಶಂಶುದ್ದೀನ್ ತಲೆ ಮೇಲೆ ಕೈ ಹೊತ್ತು ಕೂತ. "ದೇವರನ್ನ ನೋಡಾಕ ಬಂದ ಮಂದಿಗೆ ಟೊಪಿಗಿ ಸಾಹೇಬರನ್ನ ತೋರಿಸಿದ್ರ ಟೆಂಟ್ ಹರೀತಾರ. ಅವರ ಭಾಷಾ ಒಂದಕ್ಷರ ತಿಳಿಯಂಗಿಲ್ಲ."

"ತಿಳಿಯೋದ್ಯಾಕ? ಚಿತ್ರದ ದನಿ ಬಂದ್ ಮಾಡ್ಸು, ನನ್ನ ಬೆತ್ತ ಕೊಡು" ಎಂದ ಮೌಲಾಹುಸೇನ.

ಮಷೀನ್ ನಡೆಸುವ ಪರಮಣ್ಣ ಹಗಲಿನಲ್ಲೊಮ್ಮೆ ರೀಲುಗಳನ್ನು ಬೆಳಕಿಗೆ ಹಿಡಿದು ಏನೇನು ಬರುತ್ತದೆಂದು ಹೇಳಿದ. ಅಷ್ಟೇ ಬಂಡವಾಳ. ಸಂಜೆ ರಾಯಚೂರಿನ ಬಯಲಿನಲ್ಲಿ ಮೌಲಾಹುಸೇನ ಫ್ರಾನ್ಸ್ ದೇಶವನ್ನು ಕನ್ನಡದಲ್ಲಿ ಹೇಳಿಯೇಬಿಟ್ಟ. ಪರದೆಯ ಮೇಲೆ ಹೆಂಗಸೊಬ್ಬಳು ಕಂಕುಳಲ್ಲಿ ಉದ್ದನೆಯದೇನನ್ನೋ ಇಟ್ಟುಕೊಂಡು ಬಂದಳು. "ಕಟಗಿ ತರಾಕತ್ಯಾಳ, ಒಲಿ ಹಚ್ತಾಳ" ಎಂದ. ಆಕೆ ಅದನ್ನು ಮೇಜಿನ ಮೇಲಿಟ್ಟು ಕೊಯ್ದು ಎಲ್ಲರಿಗೂ ತಿನ್ನಲು ಕೊಟ್ಟಳು; ಅದು ಅವರ ರೊಟ್ಟಿ! ಟೆಂಟಿಗೆ ಟೆಂಟೇ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. "ಯುದ್ಧದಾಗ ಜ್ವಾಳ ಸಿಗವಲ್ದು, ಅವರಿಗಿ ಕಟಗಿನ ಗತಿ" ಎಂದು ಅಲ್ಲೇ ತೇಪೆ ಹಾಕಿದ. ಗಂಡಸರು ಭೇಟಿಯಾದಾಗ ಗಲ್ಲಕ್ಕೆ ಗಲ್ಲ ತಾಗಿಸಿದ್ದನ್ನು ಕಿವಿಯಲ್ಲಿ ಗುಟ್ಟು ಹೇಳುವುದೆಂದ. ಹೆಣದ ಬಂಡಿ ಹೋಗುವಾಗ ಒಬ್ಬ ಟೊಪ್ಪಿಗೆ ತೆಗೆದು ನಿಂತ. ನಮ್ಮ ಕಡೆ ಮಾನ ಹೋದವನು ಮಾತ್ರ ಪರರೆದುರು ರುಮಾಲು ತೆಗೆಯುವುದರಿಂದ, ಅವನನ್ನೇ ಕೊಲೆಗಾರ ಮಾಡಿದ! ಕೊನೆಯಲ್ಲಿ ಕಪ್ಪು ಬಟ್ಟೆಯ ಹೆಂಗಸರು ಸೇವಂತಿಗೆಯ ಕುಂಡಗಳನ್ನು ಹಿಡಿದು ಕಲ್ಲುಗಳ ನಡುವೆ ಓಡಾಡಿದರು. ಸೇವಂತಿಗೆ ಎಂದರೆ ಇನ್ನೇನು, ಮುಡಿಗೆ, ಇಲ್ಲವೇ ದೇವರಿಗೆ. "ಹೂವಿನ ಸಂತಿ!" ಎಂದು ಶುಭಂ ಹೇಳಿದ.

ನಗಬೇಡಿ. ಒಂದು ಸಿನಿಮಾ ನೋಡಿ ಒಂದು ದೇಶವನ್ನೇ ತಿಳಿದೆವು ಎನ್ನುವವರು ಈಗಲೂ ಬೇಕಾದಷ್ಟಿದ್ದಾರೆ. ಮೌಲಾಹುಸೇನ ನೋಡದೆಯೇ ತಿಳಿದುಕೊಂಡಿದ್ದ, ಅಷ್ಟೇ ವ್ಯತ್ಯಾಸ.

ರಾಯಚೂರಿನಲ್ಲಿ ವಾರ ಓಡಿದ ಮೇಲೆ ಟೆಂಟ್ ಮಾನ್ವಿಗೆ ಬಂತು. ಅಲ್ಲಿಂದ ಮುಂದೆ ದೇವದುರ್ಗಕ್ಕೆ ಹೋಗುವುದಿತ್ತು. ಪ್ರಚಾರದ ಬಂಡಿ ಮಲ್ಲಟದ ಹೊಲಗಳ ಪಕ್ಕ "ಫ್ರಾನ್ಸ್ ದೇಶದ ಬಯಸ್ಕೋಪ" ಎಂದು ಕೂಗಿಕೊಂಡು ಹೋಗುವಾಗ, ಕಳೆ ತೆಗೆಯುತ್ತಿದ್ದ ಹೆಣ್ಣುಮಗಳೊಬ್ಬಳು ಕುಡುಗೋಲು ಹಿಡಿದೇ ಓಡಿಬಂದಳು. ನಲವತ್ತೈದು ದಾಟಿದ ಕೂಲಿಯವಳು, ಹೆಸರು ಅಂಬಮ್ಮ.

"ಯಣ್ಣಾ, ಯಾವ ದೇಶ ಅಂದಿ?"

"ಫ್ರಾನ್ಸ್, ಯವ್ವಾ."

"ನನ್ನ ಗಂಡ ಅಲ್ಲೇ ಅದಾನ."

"ಹೌದಾ! ಏನ್ ಕೆಲಸದಾಗ ಅದಾನ?"

"ಮಣ್ಣಾಗ ಅದಾನ" ಎಂದಳು ಅಂಬಮ್ಮ.

ಮೌಲಾಹುಸೇನ ಬಂಡಿಯಿಂದ ಇಳಿದ. ಅವಳ ಗಂಡ ಮೂಕಪ್ಪ ಹಮಾಲಿ ಮಾಡಲು ಮುಂಬಯಿಗೆ ಹೋದವನು, ಹಿಂದಿನ ಮಹಾಯುದ್ಧದಲ್ಲಿ ದಂಡಿನ ಹೇಸರಗತ್ತೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಹಡಗು ಹತ್ತಿದ್ದ. ವರ್ಷ ತುಂಬುವುದರೊಳಗೆ ಒಂದು ಕಾಗದ ಬಂತು. ಫ್ರಾನ್ಸಿನ ಚಳಿಯಲ್ಲಿ ಜ್ವರ ಬಂದು ತೀರಿಕೊಂಡ, ಅಲ್ಲೇ ಮಣ್ಣು ಮಾಡಿದ್ದೇವೆ ಎಂದಷ್ಟೇ ಅದರಲ್ಲಿತ್ತು. ಅವರ ಮನೆತನದಲ್ಲಿ ಹೂಳಿದ ಜಾಗಕ್ಕೆ ವರ್ಷಕ್ಕೊಮ್ಮೆಯಾದರೂ ಹೋಗಿ, ಕಲ್ಲು ತೊಳೆದು, ಹೂವಿಟ್ಟು, ಎಡೆ ಇಡಬೇಕು. ಇಪ್ಪತ್ತಾರು ವರ್ಷ ಅಂಬಮ್ಮ ಮನೆಯ ಮೂಲೆಯಲ್ಲಿ ಎಡೆ ಇಟ್ಟಳು, ಆದರೆ ಒಂದು ವರ್ಷವೂ ಅವಳಿಗೆ ಸಮಾಧಾನವಾಗಲಿಲ್ಲ. ಆ ಕಲ್ಲಿಗೆ ಅಲ್ಲಿ ಯಾರಾದರೂ ಹೂವಿಡುತ್ತಾರೋ ಇಲ್ಲವೋ? ಅದೊಂದು ತಿಳಿಯಬೇಕಿತ್ತು ಅವಳಿಗೆ.

"ಆ ಮಂದಿ ಎಂಥಾವರು ಅಂತ ಒಂದ್ಸಲ ನೋಡಬೇಕು" ಎಂದಳು. ಅಂದೇ ಮಾನ್ವಿಗೆ ಬಂದು ಹೆಂಗಸರ ಕಡೆ, ಹಿಂದೆ ಕೂತು ನೋಡಿದಳು.

ಮರುದಿನ ಬೆಳಿಗ್ಗೆ ಮೌಲಾಹುಸೇನ ಟೆಂಟಿನ ಮುಂದೆ ಚಹಾ ಕುಡಿಯುತ್ತಿದ್ದ. ಅಂಬಮ್ಮ ನೆಟ್ಟಗೆ ಬಂದು ಎದುರಿಗೆ ನಿಂತಳು.

"ಯಣ್ಣಾ, ಕೊನಿಗಿ ಬಂತಲ್ಲ, ಅದು ಸಂತಿ ಅಲ್ಲ."

"ಮತ್ತೇನದು?"

"ಹೂಳಿದ ಜಾಗ. ಆ ಕರಿ ಬಟ್ಟಿ ಮುದುಕಿ ಸೆರಗಿಲೆ ಕಲ್ಲು ಒರಿಸಿದ್ಲು. ಸಂತಿಯಾಗ ಯಾರಾದ್ರೂ ಕಲ್ಲು ಒರಸ್ತಾರೇನು? ಒರಿಸಿ, ಕುಂಡ ಇಟ್ಟು, ಕಲ್ಲಿನ ಕೂಡ ಮಾತಾಡಿದ್ಲು. ನಾನೂ ಹಂಗ ಮಾಡಾಕಿ, ಅದಕ್ಕ ನನಗ ಗೊತ್ತಾತು."

ಮೌಲಾಹುಸೇನನಿಗೆ ಕಪಾಳಕ್ಕೆ ಹೊಡೆದಂತಾಯಿತು. ಫ್ರೆಂಚರಲ್ಲಿ ಸೇವಂತಿಗೆ ಸತ್ತವರ ಹೂವು! ತಾನೂ ಅಪ್ಪನ ಗೋರಿಗೆ ಹೂವಿನ ಚಾದರ ಹೊದಿಸಿದವನೇ. ಒಂದು ಸಲ ಹಿಂದೆ ತಿರುಗಿದ್ದರೆ ತಿಳಿಯುತ್ತಿತ್ತು. ಅಕ್ಷರ ಬಾರದ ಈ ಹೆಣ್ಣುಮಗಳು ಒಂದೇ ಆಟದಲ್ಲಿ ಆ ದೇಶವನ್ನು ತನಗಿಂತ ಹೆಚ್ಚು ತಿಳಿದುಕೊಂಡಿದ್ದಳು.

"ಇನ್ನೊಂದು ಕೇಳ್ತೀನಿ" ಎಂದಳು ಅಂಬಮ್ಮ. "ಆಕಿ ಹೋಗೋ ದಾರಿಯಾಗ ಸಣ್ಣ ಸಣ್ಣ ಕಲ್ಲಿನ ಸಾಲು ಅದ. ಎಲ್ಲಾ ಒಂದ ಅಳತಿ, ಸಿಪಾಯರು ನಿಂತಂಗ. ದಂಡಿನಾಗ ಸತ್ತವರವು ಇರಬೇಕು. ಅವಕ್ಕ ಯಾರಾದ್ರೂ ಹೂ ಇಟ್ರೇನು? ದೂರದಿಂದ ನನ್ನ ಕಣ್ಣಿಗಿ ಕಾಣಲಿಲ್ಲ. ಇವತ್ತು ನೀ ನೋಡಿ ಹೇಳಪ್ಪಾ. ನನಗ ಅಷ್ಟು ತಿಳಿದ್ರ ಸಾಕು."

ಆ ಸಂಜೆ ಮೌಲಾಹುಸೇನ ಬದುಕಿನಲ್ಲಿ ಮೊದಲ ಸಲ ಜನರಿಗೆ ಬೆನ್ನು ಮಾಡಿ ನಿಂತ. ಅವನ ಹಿಂದೆ ಗದ್ದಲವೆದ್ದಿತು. "ಏ ಮೌಲಾ, ಬಾಯಾಗ ಏನ್ ಕಡಬು ಇಟ್ಕೊಂಡೀಯೋ?" ಎಂದು ಯಾರೋ ಕೂಗಿದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ಹೊತ್ತಿನ ಮಾತನ್ನೆಲ್ಲ ಒಂದೇ ಊಟಕ್ಕೆ ಕೂತು ಆಡುವ ಆ ಜನ, ಜಗಳವಾಡುತ್ತಲೇ ಒಬ್ಬರಿಗೊಬ್ಬರು ಬಡಿಸುವ ಆ ಜನ, ಗುರುತಿಲ್ಲದ ಹೆಣಕ್ಕೂ ಟೊಪ್ಪಿಗೆ ತೆಗೆದು ನಿಲ್ಲುವ ಆ ಮನುಷ್ಯ, ಎಲ್ಲವೂ ಕಣ್ಣಿಗೆ ಬಿತ್ತು. ಅಯ್ಯೋ, ಅವನು ಕೊಲೆಗಾರನಲ್ಲ, ಮರ್ಯಾದಸ್ಥ! ಎಷ್ಟು ಒಳ್ಳೆಯವರ ಮೇಲೆ ಎಷ್ಟು ಗೂಬೆ ಕೂರಿಸಿದೆನಪ್ಪಾ ಎಂದು ತನ್ನನ್ನೇ ಬೈದುಕೊಂಡ.

ಕೊನೆಯ ರೀಲು ಬಂತು. ಮುದುಕಿ ತನ್ನವರ ಕಲ್ಲನ್ನು ಒರೆಸಿದಳು, ಕುಂಡ ಇಟ್ಟಳು, ಮಾತಾಡಿದಳು. ಎದ್ದು ಹೊರಟಳು. ಸಣ್ಣ ಕಲ್ಲುಗಳ ಸಾಲು ಬಂತು. ಅಲ್ಲಿ ಒಂದೇ ಒಂದು ಹೂವಿರಲಿಲ್ಲ. ಮುದುಕಿ ಆ ಸಾಲಿನ ಪಕ್ಕದಲ್ಲೇ, ತಲೆ ಎತ್ತದೆ, ನಡೆದುಹೋದಳು.

 ಎಲ್ಲೋ ಕತ್ತಲಲ್ಲಿ ಅಂಬಮ್ಮ ಕಿವಿಗೊಟ್ಟು ಕೂತಿದ್ದಾಳೆ. ಇಪ್ಪತ್ತಾರು ವರ್ಷ ಕಾದವಳಿಗೆ "ಯಾರೂ ಇಡಲಿಲ್ಲವ್ವಾ" ಎಂದು ಹೇಗೆ ಹೇಳುವುದು? ಮೌಲಾಹುಸೇನ ಗಕ್ಕನೆ ಜನರ ಕಡೆ ತಿರುಗಿ ಗಟ್ಟಿಯಾಗಿ ಕೂಗಿದ:

"ನೋಡ್ರಿ, ಆ ಯವ್ವ ನಿಂತ್ಲು! ಕುಂಡದಾಗಿನ ಒಂದು ಸೇವಂತಿಗಿ ಮುರಕೊಂಡು ಬಂದಿದ್ಲು, ಅದನ್ನ ಆ ಪರದೇಶಿ ಕಲ್ಲಿನ ಮ್ಯಾಲ ಇಟ್ಲು! ಕೈ ಮುಗಿದ್ಲು!"

"ಎಲ್ಲದೋ ಹೂ? ನಮಗ ಕಾಣಲೇ ಇಲ್ಲ!" ಎಂದು ಜನರೊಳಗಿಂದ ಒಬ್ಬ ಕೂಗಿದ.

"ನಾಳಿ ಕಣ್ಣು ತೊಳಕೊಂಡು ಬಾ, ಕಾಣ್ತದ!" ಎಂದು ಗದರಿಸಿದ. ಜನ ನಕ್ಕರು. 

ಬೆಳಗಾದ ಮೇಲೆ ಮಲ್ಲಟದ ಕಡೆ ಹೋಗುವ ಚಕ್ಕಡಿಯೊಂದು ಟೆಂಟಿನ ಮುಂದೆ ನಿಂತಿತು. ಅಂಬಮ್ಮ ಇಳಿದು ಬಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಯಣ್ಣಾ, ನಿನ್ನಿ ನಾ ಪರದಿ ಮುಂದನ ಕುಂತಿದ್ದೆ. ಆಕಿ ಹೂ ಇಡಲಿಲ್ಲ."

ಮೌಲಾಹುಸೇನ ತಲೆ ತಗ್ಗಿಸಿದ. "ತಪ್ಪಾತು ಯವ್ವಾ. ನಿನ್ನ ಮುಂದ ಹೇಳಾಕ ಬಾಯಿ ಬರಲಿಲ್ಲ."

"ತಪ್ಪು ಯಾಕಪ್ಪಾ? ನನ್ನ ಗಂಡ ನಿನಗೇನು ಬಳಗಾ? ಅವನ ಮಾರಿ ಸೈತ ನೀ ನೋಡಿಲ್ಲ. ಆದ್ರೂ ಅವನ ಕಲ್ಲು ಬರಿದು ಇರೋದು ನಿನಗ ತಡಿಲಿಲ್ಲ. ಇಲ್ಲಿ ಇಂಥಾವ ಒಬ್ಬ ಅದಾನ ಅಂದ್ರ, ಆ ದೇಶದಾಗೂ ಒಬ್ಬ ಇದ್ದ ಇರ್ತಾನ. ಸಿನಿಮಾದಾಗ ಬರಲಿಲ್ಲ ಅಷ್ಟ. ಇನ್ನ ನಾ ಚಿಂತಿ ಮಾಡಂಗಿಲ್ಲ."

ಅಷ್ಟು ಹೇಳಿ ಅವಳು ಚಕ್ಕಡಿ ಹತ್ತಿದಳು. ಮೌಲಾಹುಸೇನ ಅಲ್ಲೇ ನಿಂತು, ಓಡಾಡುವವರೆಲ್ಲ ನೋಡುತ್ತಿದ್ದಂತೆ, ಬಿಕ್ಕಿ ಬಿಕ್ಕಿ ಅತ್ತ.