ಬ್ಯಾಡ ಅಂದರೆ ಕುರಿ

ಆ ವರ್ಷ ನಮ್ಮ ಕಾಲೇಜಿನ ಚರ್ಚಾ ಸಂಘಕ್ಕೆ ರ‍್ಯಾಗಿಂಗ್ ವಿರೋಧಿ ಚರ್ಚಾ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದಿತ್ತು. ಹಿತ್ತಾಳೆಯ ಫಲಕವನ್ನು ಸಂಘದ ಕೋಣೆಯ ಬಾಗಿಲ ಮೇಲೆಯೇ ಮೊಳೆ ಹೊಡೆದು ತೂಗುಹಾಕಿದ್ದರು. ಅದರ ಕೆಳಗೆ ಹಾದು ಒಳಗೆ ಬಂದ ಹೊಸಬರನ್ನು ಮೇಜಿನ ಮೇಲೆ ಹತ್ತಿಸಿ, ಸೀಲಿಂಗ್ ಫ್ಯಾನಿಗೆ ಪ್ರೇಮನಿವೇದನೆ ಮಾಡಿಸುತ್ತಿದ್ದರು. ಫ್ಯಾನು ಒಪ್ಪುವವರೆಗೆ ಇಳಿಯುವಂತಿಲ್ಲ. ಇದರಲ್ಲಿ ಏನಾದರೂ ಎಡವಟ್ಟಿದೆ ಎಂದು ಅಲ್ಲಿದ್ದ ಯಾರಿಗೂ ಅನ್ನಿಸುತ್ತಿರಲಿಲ್ಲ. ರ‍್ಯಾಗಿಂಗ್ ಎಂದು ಯಾರಾದರೂ ಅಂದರೆ ಸಂಘದ ಅಧ್ಯಕ್ಷನಿಗೆ ನಿಜವಾಗಿಯೂ ಬೇಸರವಾಗುತ್ತಿತ್ತು. ಅದರ ಹೆಸರು ಡೀಬಗ್ಗಿಂಗ್.

ಕಾಲವೇ ಹಾಗಿತ್ತು. ಕೋಲ್ಕತ್ತದ ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಸಿವಿಲ್ ಓದುವವರು, ಮೆಕ್ಯಾನಿಕಲ್ ಓದುವವರು, ಕೊನೆಗೆ ಜವಳಿ ತಂತ್ರಜ್ಞಾನ ಓದುವವರೂ ಸಾಫ್ಟ್‌ವೇರಿನವರೇ ಆಗುವವರಿದ್ದರು. ಕ್ಯಾಂಪಸ್ಸಿಗೆ ಬರುವ ಕಂಪನಿಗಳು ಗ್ರೂಪ್ ಡಿಸ್ಕಷನ್ ಎಂಬ ಒಂದು ಸುತ್ತು ಇಡುತ್ತಿದ್ದವು. ಹತ್ತು ಜನರನ್ನು ದುಂಡಗೆ ಕೂರಿಸಿ ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡುವುದನ್ನು ನೋಡುವುದು. ಅದಕ್ಕೆ ತಯಾರಿ ಬೇಕೆಂದರೆ ಚರ್ಚಾ ಸಂಘ ಸೇರಬೇಕು. ಸಂಘ ಸೇರಬೇಕೆಂದರೆ ನಿಮ್ಮೊಳಗಿನ ನಾಚಿಕೆ, ಹೆದರಿಕೆ ಎಂಬ ಬಗ್ಗುಗಳನ್ನು, ಪ್ರೋಗ್ರಾಮಿನ ದೋಷ ತೆಗೆದ ಹಾಗೆ, ಅಧ್ಯಕ್ಷ ತೆಗೆಯಬೇಕು. ಅವನು ನಾಲ್ಕನೇ ವರ್ಷದವನು. ಆಗಲೇ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಕೆಲಸಕ್ಕೆ ಸೇರಲು ಇನ್ನೂ ಹತ್ತು ತಿಂಗಳಿದ್ದರೂ ದಿನಾ ಟೈ ಕಟ್ಟಿಕೊಂಡು ಬರುತ್ತಿದ್ದ. ನಮ್ಮೆಲ್ಲರಿಗೂ ಅವನು ದಾದಾ, ಬಂಗಾಳಿಯಲ್ಲಿ ಅಣ್ಣ.

ನಾನಾಗ ಎರಡನೇ ವರ್ಷದಲ್ಲಿದ್ದೆ, ಸಂಘದ ಸದಸ್ಯೆ. ಅಪ್ಪನಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ನೌಕರಿ, ಮನೆ ಲೇಕ್ ಮಾರ್ಕೆಟ್ಟಿನ ಹಿಂದೆ. ಬೀದಿಯಲ್ಲಿ ಬಂಗಾಳಿ, ಶಾಲೆಯಲ್ಲಿ ಇಂಗ್ಲಿಷು. ಮನೆಯಲ್ಲಿ ಮಾತ್ರ ಅವ್ವನ ಧಾರವಾಡದ ಕನ್ನಡವೇ ನಡೆಯಬೇಕು. ಬೇರೆ ಭಾಷೆಯಲ್ಲಿ ಹಸಿವು ಎಂದರೆ ಅವಳಿಗೆ ಕೇಳಿಸುತ್ತಲೇ ಇರಲಿಲ್ಲ. ಆ ಜುಲೈನಲ್ಲಿ ಅವ್ವ ಮಾರ್ಕೆಟ್ಟಿನ ದಕ್ಷಿಣದವರ ಅಂಗಡಿಗೆ ಜೋಳದ ಹಿಟ್ಟು ತರಲು ಹೋದವಳು ಒಬ್ಬ ಹುಡುಗನನ್ನೂ ಕರೆದುಕೊಂಡು ಬಂದಳು. ಗದಗಿನ ಕಡೆಯವನು, ಶಾಲಾ ಮಾಸ್ತರರ ಮಗ, ನಮ್ಮ ಕಾಲೇಜಿನಲ್ಲೇ ಮೊದಲ ವರ್ಷಕ್ಕೆ ಸೇರಿದ್ದ. ಜಾದವ್‌ಪುರದ ಒಂದು ಊಟ-ವಸತಿಯ ಮೆಸ್ಸಿನಲ್ಲಿ ಇಳಿದುಕೊಂಡು, ಮೀನಿನ ವಾಸನೆಗೆ ಹೆದರಿ ಬರೀ ಬಾಳೆಹಣ್ಣು ತಿಂದು ಬದುಕಿದ್ದ. ಅವತ್ತಿನಿಂದ ಪ್ರತಿ ಭಾನುವಾರ ಅವನ ಊಟ ನಮ್ಮಲ್ಲೇ. ನನ್ನನ್ನು ಅಕ್ಕಾರ ಎನ್ನುತ್ತಿದ್ದ.

ತಲೆತುಂಬ ಕೂದಲು, ಬಾಯಲ್ಲಿ ಮಾತು ಕಡಿಮೆ. ಅವನ ಅಪ್ಪನಿಗೆ ಎದೆನೋವು ಬಂದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹದಿನೈದು ದಿನ ಮಲಗಿ ಎದ್ದಿದ್ದರು. ಈಗ ಮನೆಯಲ್ಲೇ ಇದ್ದರು. ಹಾಗಾಗಿ ಮಗನಿಗೆ ಬೇಗ ಕೆಲಸ ಸಿಗಬೇಕಿತ್ತು. ಇಂಗ್ಲಿಷಿನಲ್ಲಿ ಬಾಯಿ ಬಿಡಲು ಅಂಜುತ್ತಿದ್ದುದರಿಂದ ಚರ್ಚಾ ಸಂಘಕ್ಕೆ ತಾನಾಗಿಯೇ ಬಂದು ಸೇರಿದ.

ಮೊದಲ ದಿನ ಮಧ್ಯಾಹ್ನ ಅವನನ್ನು ಮೇಜು ಹತ್ತಿಸಿದರು. ಕೋಲ್ಕತ್ತದ ಬಿರಿಯಾನಿಯಲ್ಲಿ ಆಲೂಗಡ್ಡೆ ಯಾಕಿರಬೇಕು ಎಂದು ಬಂಗಾಳಿಯಲ್ಲಿ ಐದು ನಿಮಿಷ ಸಮರ್ಥಿಸು ಎಂದರು. ಅವನಿಗೆ ಬಂಗಾಳಿ ಗೊತ್ತಿಲ್ಲ, ಬಿರಿಯಾನಿ ಗೊತ್ತಿಲ್ಲ, ಗೊತ್ತಿದ್ದದ್ದು ಆಲೂಗಡ್ಡೆ ಒಂದೇ. ಕೈ ಮುಗಿದು, “ಬ್ಯಾಡ… ಬ್ಯಾಡ…” ಎಂದ.

ಕೋಣೆ ಗೊಳ್ಳೆಂದಿತು. ಬಂಗಾಳಿಯಲ್ಲಿ ಭ್ಯಾಡಾ ಎಂದರೆ ಕುರಿ.

“ಕೇ ಭ್ಯಾಡಾ? ತುಇ ಭ್ಯಾಡಾ?” ಎಂದು ದಾದಾ ಬಹಳ ಆಸಕ್ತಿಯಿಂದ ಕೇಳಿದ. ಯಾರು ಕುರಿ, ನೀನೇನಾ ಕುರಿ?

ನಿನಗೆ ಬೇಡವೇ ಎಂದು ಕೇಳುತ್ತಿದ್ದಾರೆ ಎಂದುಕೊಂಡ ಹುಡುಗ ಇನ್ನೂ ಜೋರಾಗಿ ತಲೆಯಾಡಿಸಿ, “ಬ್ಯಾಡ, ಬ್ಯಾಡ!” ಎಂದ.

ಬೆಂಗಳೂರಿನವನಾಗಿದ್ದರೆ ಬೇಡ ಎಂದು ಬಚಾವಾಗುತ್ತಿದ್ದ. ಮಂಗಳೂರಿನವನಾಗಿದ್ದರೂ ತೊಂದರೆಯಿರಲಿಲ್ಲ. ಗದಗಿನವನಾದದ್ದರಿಂದ ಕುರಿಯಾದ. ನಾನು ತಕ್ಷಣ ಎದ್ದು, ಅವನು ಬೇಡ ಎನ್ನುತ್ತಿದ್ದಾನೆ, ನಿಮ್ಮ ಭಾಷೆಯ ಕುರಿ ಅಲ್ಲ ಅದು ಎಂದು ಹೇಳಿದೆ. ದಾದಾ ನನಗೆ ಧನ್ಯವಾದ ಹೇಳಿದ. ಭಾಷಾಶಾಸ್ತ್ರದ ದೃಷ್ಟಿಯಿಂದ ಬಹಳ ಒಳ್ಳೆಯ ಅಂಶ ಎಂದ. ಆಮೇಲೆ ಕುರಿಯ ಕಡೆ ತಿರುಗಿ, ಒಮ್ಮೆ ಕೂಗು ನೋಡೋಣ ಎಂದ.

ಅಲ್ಲಿಂದ ಮುಂದೆ ಅದು ತಾನೇ ತಾನಾಗಿ ಬೆಳೆಯಿತು. ಅವನು ಬಾಗಿಲಲ್ಲಿ ಕಂಡರೆ ಸಾಕು, ಯಾರೋ ಕೊತ್ತಂಬರಿ ಕಟ್ಟು ಮುಂದೆ ಹಿಡಿಯುತ್ತಿದ್ದರು. ಬ್ಯಾಡ ಎಂದರೆ, ನೋಡಿ, ಕುರಿಯೇ ಒಪ್ಪಿಕೊಂಡಿತು ಎನ್ನುತ್ತಿದ್ದರು. ಸುಮ್ಮನಿದ್ದರೆ ಮೌನವೇ ಒಪ್ಪಿಗೆ. ಕುರಿಯಂತೆ ಅರಚಿದರೆ, ಈಗ ನೋಡಿ ಆತ್ಮವಿಶ್ವಾಸ ಹೇಗೆ ಬಂತು! ಯಾವ ಕಡೆಯಿಂದ ಹೊರಟರೂ ಅವನು ದೊಡ್ಡಿಗೇ ಬಂದು ಸೇರುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ನೀ ಯಾಕ ಹೋಗ್ತಿ ಅಲ್ಲಿ? ಬಿಟ್ಟುಬಿಡು” ಎಂದೆ ಒಂದು ದಿನ.

“ಬಿಟ್ರ ಕ್ಯಾಂಪಸ್ಸಿನ್ಯಾಗ ಮಾತಾಡೂದು ಎಲ್ಲಿ ಕಲೀಲ್ರಿ ಅಕ್ಕಾರ? ದಾದಾ ಅಂತಾರ, ಇದು ಮುಗದ ಮ್ಯಾಲೆ ಕಲಸ್ತಾರಂತ” ಎಂದ.

ಮಾತು ಕಲಿಯಲು ಹೋದವನು ಮಾತು ಬಿಡುತ್ತಿದ್ದಾನೆ ಎಂಬುದು ಮೊದಲು ಗೊತ್ತಾದದ್ದು ಅವ್ವನಿಗೆ, ಅದೂ ರೊಟ್ಟಿ ಬಡಿಸುವಾಗ. ಹಾಗೆ ನೋಡಿದರೆ ನಮ್ಮ ಮನೆಯಲ್ಲೂ ಅವನ ಬ್ಯಾಡಕ್ಕೆ ಬೆಲೆಯಿರಲಿಲ್ಲ. ಅವ್ವ ಇನ್ನೊಂದು ರೊಟ್ಟಿ ಹಿಡಿದು ಬರುವುದು, ಅವನು ಬ್ಯಾಡ್ರಿ ಎನ್ನುವುದು, ಅವಳು ಹಾಕಿಯೇ ಬಿಡುವುದು, ಅವನು ನಕ್ಕು ತಿನ್ನುವುದು ನಡೆದೇ ಇತ್ತು. ಆ ಭಾನುವಾರ ಅವನು ಬ್ಯಾ ಎಂದವನು ಅಲ್ಲಿಗೇ ನಿಲ್ಲಿಸಿ, ಸುತ್ತ ನೋಡಿ, ತಟ್ಟೆಯ ಮೇಲೆ ಕೈ ಅಡ್ಡ ಇಟ್ಟ. ಅವ್ವ ರೊಟ್ಟಿ ಹಿಡಿದುಕೊಂಡೇ ನಿಂತಳು. ಅವನು ಹೋದ ಮೇಲೆ ನನ್ನ ಹತ್ತಿರ ಬಂದಳು.

“ಏನ್ ಮಾಡೀರಿ ಆ ಹುಡುಗಗ? ಬ್ಯಾಡ ಅನ್ನಾಕೂ ಹೆದರ್ತಾನಲ್ಲ!”

ಎಲ್ಲ ಹೇಳಿದೆ. ಶುಕ್ರವಾರದ ಸಮಾರಂಭದ ವಿಷಯವನ್ನೂ ಹೇಳಿದೆ. ಡೀಬಗ್ಗಿಂಗ್ ಮುಗಿದವರನ್ನು ಬಿಡುಗಡೆ ಮಾಡುವ ದಿನ ಅದು. ಕುರಿಯನ್ನು ಬಿಡುಗಡೆ ಮಾಡುವುದಕ್ಕೆ ಮುಂಚೆ ಉಣ್ಣೆ ತೆಗೆಯುವುದೆಂದು, ನನ್ನನ್ನು ಬಿಟ್ಟು ಉಳಿದವರ ಸರ್ವಾನುಮತದಿಂದ ತೀರ್ಮಾನವಾಗಿತ್ತು. ಅಂದರೆ ಅವನ ತಲೆ ಬೋಳಿಸುವುದು. ಅವ್ವನ ಮುಖ ಕಪ್ಪಾಯಿತು.

“ಅಪ್ಪ ಜೀವಂತ ಇದ್ದಾಗ ಮಗನ ತಲಿ ಬೋಳಸ್ತಾರ? ಅದೂ ಅವರಿಗೆ ಎದಿಬ್ಯಾನಿ ಇದ್ದಾಗ! ಆ ಕೂಸು ನಿದ್ದಿ ಹೆಂಗ ಮಾಡೀತು?”

ನಮ್ಮ ಕಡೆ ಗಂಡುಮಗ ತಲೆ ಬೋಳಿಸಿಕೊಂಡು ಎದುರಿಗೆ ಬಂದರೆ, ಅಪ್ಪ ಯಾವಾಗ ಹೋದರು ಎಂದೇ ಜನ ಕೇಳುತ್ತಾರೆ. ಆ ಹುಡುಗ ಹೆದರಿದ್ದು ಕೂದಲಿಗಲ್ಲ.

ಮರುದಿನ ಸಂಘದ ಸಲಹೆಗಾರರಾಗಿದ್ದ ಭೌತಶಾಸ್ತ್ರದ ಮೇಷ್ಟ್ರ ಬಳಿ ಹೋದೆ. ಅವರು ಟೀ ಕುಡಿಯುತ್ತ ಗಂಭೀರವಾಗಿ ಕೇಳಿಸಿಕೊಂಡರು. ರಕ್ತ ಬಂದಿದೆಯೇ ಎಂದು ಕೇಳಿದರು. ಇಲ್ಲ ಎಂದೆ. ರ‍್ಯಾಗಿಂಗಿನ ವಿರುದ್ಧ ಫಲಕ ಗೆದ್ದವರು ರ‍್ಯಾಗಿಂಗ್ ಹೇಗೆ ಮಾಡಿಯಾರು ಎಂದು ನನ್ನನ್ನೇ ಕೇಳಿದರು. ಕೊನೆಗೆ ಅವರಿಗೆ ಒಂದು ಉಪಾಯ ಹೊಳೆಯಿತು. ನೀವೆಲ್ಲ ವಾದ ಬಲ್ಲವರು, ವಾದ ಮಾಡಿಯೇ ತೀರ್ಮಾನ ಮಾಡಿಕೊಳ್ಳಿ ಎಂದು ಖುಷಿಯಿಂದ ಹೇಳಿ ಕಳಿಸಿಕೊಟ್ಟರು.

ಹೀಗೆ ಶುಕ್ರವಾರ ಮಧ್ಯಾಹ್ನ ಒಬ್ಬ ಹುಡುಗನ ಕೂದಲಿನ ಮೇಲೆ ವಿಧಿವತ್ತಾದ ಚರ್ಚೆ ಏರ್ಪಟ್ಟಿತು. ಕುರಿಯ ಉಣ್ಣೆಯನ್ನು ತೆಗೆಯತಕ್ಕದ್ದೆಂದು ಈ ಸಭೆ ನಂಬುತ್ತದೆ, ಎಂಬುದು ವಿಷಯ. ಪರವಾಗಿ ದಾದಾ, ವಿರುದ್ಧವಾಗಿ ನಾನು. ನಡುವೆ ಕುರ್ಚಿಯ ಮೇಲೆ ಕೊರಳಿಗೆ ಟವೆಲು ಸುತ್ತಿಕೊಂಡ ಹುಡುಗ. ಅವನ ಹಿಂದೆ ಹಾಸ್ಟೆಲ್ಲಿನಿಂದ ತಂದ ಟ್ರಿಮ್ಮರ್ ಗೋಡೆಗೆ ಸಿಕ್ಕಿಸಿಟ್ಟು ಸಿದ್ಧವಾಗಿತ್ತು. ಗೋಡೆಯ ಪಕ್ಕ ಇನ್ನುಳಿದ ಹೊಸಬರು ಸಾಲಾಗಿ ನಿಂತಿದ್ದರು. ಸಮಯ ಮುಗಿದರೆ ಬಾರಿಸಲು ಗಂಟೆಯೂ ಇತ್ತು.

ದಾದಾ ಸೊಗಸಾಗಿ ಮಾತಾಡಿದ. ಆಡಿದ ಮಾತು ಕೇಳಿದವರ ಸೊತ್ತು, ಕೇಳಿದವರಿಗೆ ಕುರಿ ಎಂದಾದರೆ ಅದು ಕುರಿಯೇ ಎಂದ. ನಾಳೆ ಅಮೆರಿಕದ ಗ್ರಾಹಕ ಫೋನು ಮಾಡಿದಾಗ ನಾನು ಹೇಳಿದ್ದರ ಅರ್ಥ ಬೇರೆ ಎಂದರೆ ಕಂಪನಿ ಕೇಳುತ್ತದೆಯೇ ಎಂದ. ಸಭೆ ಮೇಜು ತಟ್ಟಿತು. ಆಮೇಲೆ, ಅಪ್ಪನ ವಿಷಯ ನನ್ನಿಂದ ಮೊದಲೇ ಕೇಳಿದ್ದವನು, ನಿಮ್ಮ ದಕ್ಷಿಣದವರು ತಿರುಪತಿಯಲ್ಲಿ ಅಪ್ಪ ಇದ್ದರೂ ತಲೆ ಬೋಳಿಸಿಕೊಳ್ಳುವುದಿಲ್ಲವೇ ಎಂದು ನನ್ನ ಬುಡಕ್ಕೇ ಕೈ ಹಾಕಿದ.

ನಾನೂ ಬಿಡಲಿಲ್ಲ. ತಿರುಪತಿಯಲ್ಲಿ ತಲೆಯ ಯಜಮಾನನೇ ಹೋಗಿ ಬಗ್ಗಿ ಕೂರುತ್ತಾನೆ, ಇಲ್ಲಿ ನಿಮಗೆ ಗಂಟೆಯೂ ಸಭೆಯೂ ಬೇಕಾಗಿದೆ ಎಂದೆ. ಒಬ್ಬನಿಗೆ ಮಾತ್ರ ನಗು ಬಾರದ ತಮಾಷೆಯನ್ನು ಅವನ ಮೇಲೆಯೇ ಮಾಡುತ್ತಿದ್ದರೆ ಅದಕ್ಕೆ ಯಾವ ಹೆಸರಿಟ್ಟರೂ ಅದು ರ‍್ಯಾಗಿಂಗೇ ಎಂದೆ. ಹುಡುಗನ ಅಪ್ಪನ ವಿಷಯ ಹೇಳುವಾಗ ನಾನು ಕಿರುಚಿಯೇ ಬಿಟ್ಟೆ. ಅದಕ್ಕೂ ಮೇಜು ತಟ್ಟಿದರು, ಭಾವಾಭಿನಯ ಚೆನ್ನಾಗಿದೆಯಂತೆ.

ಕೈ ಎತ್ತಿಸಿ ಮತ ಎಣಿಸಿದರು. ಅತ್ಯುತ್ತಮ ಭಾಷಣಕಾರ್ತಿ ನಾನು. ಠರಾವು ಪಾಸಾಯಿತು.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಟ್ರಿಮ್ಮರ್ ಗುಂಯ್ ಎಂದಿತು. ಹುಡುಗ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡ. ಕೈ ಮುಚ್ಚದೆ ಉಳಿದ ಕಡೆ, ಬಲಗಿವಿಯ ಮೇಲೆ, ಎರಡು ಬೆರಳಗಲದ ಪಟ್ಟಿ ಹೋಯಿತು. ನಾನು ಗೋಡೆಯಿಂದ ಪ್ಲಗ್ಗು ಕಿತ್ತೆ.

“ಇದು ಅನ್ಯಾಯ. ಸೋತ ಮೇಲೆ ಫಲಿತಾಂಶ ಒಪ್ಪಿಕೊಳ್ಳಬೇಕು” ಎಂದು ದಾದಾ ಪ್ಲಗ್ಗಿಗೆ ಕೈ ಚಾಚಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಯಮ ತಿಳಿಯದವಳ ಬಗ್ಗೆ ಮರುಕವಿತ್ತು. ಇವರ ಹತ್ತಿರ ಇನ್ನು ವಾದ ಸಾಕು ಎನ್ನಿಸಿತು. ಹುಡುಗನ ಕಿವಿಯ ಬಳಿ ಬಗ್ಗಿದೆ.

“ಬ್ಯಾಡ ಅನಬ್ಯಾಡ. ನಾ ಅನ್ನು.”

“ನಾ? ನಾ ಏನ್ರಿ ಮಾಡ್ಲಿ, ಅಕ್ಕಾರ?”

“ಏನೂ ಮಾಡಬ್ಯಾಡ. ಬರೇ ನಾ ಅನ್ನು. ಜೋರಾಗಿ.”

ಹುಡುಗ ಎದ್ದು ನಿಂತ. ತಲೆಯ ಮೇಲಿನ ಕೈ ತೆಗೆಯದೆಯೇ, “ನಾ!” ಎಂದು ಕಿರುಚಿದ. ಅವನಿಗೆ ಗೊತ್ತಿದ್ದದ್ದು ನಮ್ಮ ನಾ, ನಾನು ಎನ್ನುವ ನಾ. ಅವರಿಗೆ ಕೇಳಿದ್ದು ಬಂಗಾಳಿಯ ನಾ, ಇಲ್ಲ ಕೂಡದು ಎನ್ನುವ ನಾ. ಎರಡೂ ಸರಿಯಾಗಿಯೇ ಇದ್ದವು.

ಟ್ರಿಮ್ಮರ್ ಹಿಡಿದಿದ್ದವನು ಅದನ್ನು ಕೆಳಗಿಟ್ಟ. ದಾದಾನ ಮುಖ ಸಣ್ಣದಾಯಿತು. “ಆಗೆ ಬೋಲ್ಬಿ ತೋ!” ಎಂದ. ಮೊದಲೇ ಹೇಳಬಾರದಿತ್ತೇ ಎಂದು ಹುಡುಗನನ್ನೇ ಆಕ್ಷೇಪಿಸುವ ದನಿಯಲ್ಲಿ ಹೇಳಿದ. ಇವತ್ತಿಗೂ ಆ ಮಾತು ನೆನಪಾದರೆ ನನ್ನ ರಕ್ತ ಕುದಿಯುತ್ತದೆ. ಮೂರು ವಾರದಿಂದ ಅವನ ಕಣ್ಣು, ಕೈ, ಬೆವರು ಎಲ್ಲ ಹೇಳುತ್ತಲೇ ಇದ್ದವು. ತಲೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡವನು ಏನು ಹೇಳುತ್ತಿದ್ದಾನೆಂದು ತಿಳಿಯಲು ಬಂಗಾಳಿಯೂ ಬೇಕಿಲ್ಲ, ಕನ್ನಡವೂ ಬೇಕಿಲ್ಲ.

ಗೋಡೆ ಪಕ್ಕದ ಸಾಲಿನಲ್ಲಿ ಡಮ್ ಡಮ್ ಬಡಾವಣೆಯಿಂದ ಬರುತ್ತಿದ್ದ ಒಬ್ಬಳು ಹುಡುಗಿಯಿದ್ದಳು. ವಾರವಿಡೀ ಅವಳಿಂದ ಇಲ್ಲದ ಮೀನು ಮಾರಿಸಿದ್ದರು. ಅವಳು ಚೀಲ ಹೆಗಲಿಗೇರಿಸಿ, ಮೆಲ್ಲಗೆ “ನಾ” ಎಂದು ಹೇಳಿ ಹೊರಟಳು. ಅವಳ ಹಿಂದೆ ಇನ್ನೊಬ್ಬ, ಆಮೇಲೆ ಉಳಿದವರು. ಹೊಸಬರಿಲ್ಲದ ಸಂಘದಲ್ಲಿ ಡೀಬಗ್ ಮಾಡಲು ಯಾರೂ ಉಳಿಯಲಿಲ್ಲ. ಮುಂದಿನ ವಾರ ಸಂಘದವರೇ ಮೊದಲ ವರ್ಷದ ತರಗತಿಗಳ ಬಾಗಿಲಲ್ಲಿ ನಿಂತು, ಬನ್ನಿ, ಮೇಜು ಹತ್ತಿಸುವುದಿಲ್ಲ ಎಂದು ಕರೆಯಬೇಕಾಯಿತು.

ಅದು ಮುಂದಿನ ವಾರದ ಮಾತು. ಅವತ್ತು ನಾವಿಬ್ಬರೂ ಆಟೋ ಹತ್ತದೆ ನಡೆದೇ ಹೋದೆವು. ಹುಡುಗ ಬಲಗಿವಿಯ ಮೇಲೆ ಕೈ ಇಟ್ಟುಕೊಂಡೇ ನಡೆಯುತ್ತಿದ್ದ. ನೋಯುತ್ತಿದೆಯಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದ. ಬಸ್ ಸ್ಟಾಪಿನ ಹತ್ತಿರ ನಿಂತು ನನ್ನ ಮುಖ ನೋಡಿದ.

“ಅಕ್ಕಾರ, ಇಷ್ಟ ಕೂದಲ ಹೋದ್ರೂ ತಲಿ ಬೋಳಿಸಿದ ಲೆಕ್ಕಕ್ಕ ಬರ್ತದೇನ್ರಿ?”

ಊರಿಗೆ ಫೋನು ಮಾಡು ಎಂದು ಎದುರಿಗಿದ್ದ ಎಸ್‌ಟಿಡಿ ಬೂತಿಗೆ ಅವನನ್ನು ದಬ್ಬಿದೆ. ನಂಬರು ಒತ್ತುವಾಗ ಎರಡು ಸಲ ತಪ್ಪಿತು. ಮೂರನೆಯ ಸಲ ರಿಂಗಾಯಿತು. ಬಹಳ ಹೊತ್ತು ಯಾರೂ ಎತ್ತಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು ನಿಂತಿದ್ದ. ಗಾಜಿನ ಬಾಗಿಲಿಗೆ ಒರಗಿ ನಾನೂ ಹಾಗೇ ನಿಂತಿದ್ದೆ.

ಕೊನೆಗೆ ಅತ್ತ ಕಡೆ ಯಾರೋ ಎತ್ತಿದರು. ಹುಡುಗ, “ಅಪ್ಪಾ, ಆರಾಮದೀ?” ಎಂದ. ಮಾಸ್ತರರ ದನಿ ಬಾಗಿಲಾಚೆಗೂ ಕೇಳುವಷ್ಟು ಜೋರಾಗಿತ್ತು.

“ನನಗೇನಾಗೇದ, ಗುಂಡಕಲ್ಲ ಇದ್ದಂಗ ಇದ್ದೀನಿ! ರಾತ್ರಿ ಹತ್ತರ ಮ್ಯಾಲೆ ಮಾಡಿದ್ರ ಚಾರ್ಜು ಕಡಿಮಿ ಅಂತ ಎಷ್ಟ ಸಲ ಹೇಳೇನಿ ನಿನಗ? ತಲ್ಯಾಗ ಏನೈತಿ?”

ಬೈಗುಳ ನಿಲ್ಲುವ ಹಾಗೆ ಕಾಣಲಿಲ್ಲ. ಹುಡುಗ ಹೂಂ, ಹೂಂ ಎನ್ನುತ್ತ ಕೇಳುತ್ತಿದ್ದ. ಅವನ ಕೈ ತಲೆಯಿಂದ ಮೆಲ್ಲಗೆ ಕೆಳಗಿಳಿಯಿತು.